ಟ್ರ್ಯಾಕ್ಟರ್ ಎಳೆಯುವ ಸ್ಕ್ರೇಪರ್: ಸುರಕ್ಷಿತವಾಗಿ ಓಡಿಸಿ, ಮಟ್ಟ ತಪ್ಪದಂತೆ ಮಣ್ಣು ಹೆರೆಯುವ ಸಮಗ್ರ ಮಾರ್ಗದರ್ಶಿ

ಎಳೆಯುವ ಸ್ಕ್ರೇಪರಿಗೆ ತನ್ನದೆಂಬ ಎಂಜಿನ್ ಇರುವುದಿಲ್ಲ. ಚಕ್ರಗಳ ಮೇಲೆ ನಿಂತ ಉಕ್ಕಿನ ತೊಟ್ಟಿ, ಅದರ ಬುಡದಲ್ಲಿ ಅಡ್ಡಲಾಗಿ ಕೂರಿಸಿದ ಬ್ಲೇಡು, ಮುಂದೆ ಅದನ್ನು ಎಳೆಯುವ ಟ್ರ್ಯಾಕ್ಟರ್, ಇಷ್ಟೇ ಅದರ ಸಂಸಾರ. ಬ್ಲೇಡು ನೆಲವನ್ನು ಹೆರೆಯುತ್ತದೆ, ಹೆರೆದ ಮಣ್ಣು ತೊಟ್ಟಿಗೆ ಏರುತ್ತದೆ, ತುಂಬಿದ ತೊಟ್ಟಿಯನ್ನು ಎಳೆದೊಯ್ದು ತಗ್ಗಿನಲ್ಲಿ ಹರಡಿ ಬರಲಾಗುತ್ತದೆ. ಅಗೆಯಲು ಒಂದು ಯಂತ್ರ, ಸಾಗಿಸಲು ಟಿಪ್ಪರ್, ಹರಡಲು ಮತ್ತೊಂದು ಯಂತ್ರ ಎಂದು ಮೂರು ಬಾಡಿಗೆ ಕೊಡುವ ಜಾಗದಲ್ಲಿ ಇದೊಂದೇ ಮೂರೂ ಕೆಲಸ ಮಾಡುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೇಮ್ಸ್ ಪೋರ್ಟಿಯಸ್ 1883ರಲ್ಲಿ ಹಕ್ಕುಪತ್ರ ಪಡೆದ ಫ್ರೆಸ್ನೋ ಸ್ಕ್ರೇಪರನ್ನು ಕುದುರೆಗಳು ಎಳೆಯುತ್ತಿದ್ದವು. ನಮ್ಮ ಗದ್ದೆಗಳಲ್ಲಿ ಎತ್ತುಗಳ ಹಿಂದೆ ಹಲಗೆ ಕಟ್ಟಿ ಮಟ್ಟ ಮಾಡುವುದೂ ಅದೇ ಜಾತಿಯ ಉಪಾಯ. ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಹೊಲಗಳಲ್ಲಿ ಲೇಸರ್ ಕಿರಣದ ಆಧಾರದಲ್ಲಿ ನೆಲ ಮಟ್ಟ ಮಾಡುವ ಲೇಸರ್ ಲೆವೆಲರ್ ಓಡಿಸಿದವರಿಗೆ ಕಟ್ಟಡದ ಸೈಟಿನ ಸ್ಕ್ರೇಪರ್ ಹೊಸದೆನಿಸುವುದಿಲ್ಲ; ಆದರೆ ಅಲ್ಲಿ ಇಲ್ಲದ ಏರಿಳಿತ, ತಿರುವು, ಜನಸಂಚಾರ ಮತ್ತು ಭಾರ ಇಲ್ಲಿರುತ್ತವೆ.

ಈ ಕೆಲಸದಲ್ಲಿ ಅಪಘಾತಕ್ಕೂ ಅಳತೆಯ ತಪ್ಪಿಗೂ ಮೂಲ ಒಂದೇ ಎಂಬುದು ನನ್ನ ಅಭಿಪ್ರಾಯ. ಚಾಲಕನು ಮುಂದೆ ಕುಳಿತಿರುತ್ತಾನೆ, ಕೆಲಸ ಅವನ ಬೆನ್ನ ಹಿಂದೆ ನಡೆಯುತ್ತದೆ. ಬ್ಲೇಡು ಎಷ್ಟು ಆಳದಲ್ಲಿದೆ, ಹಿಂದಿನ ಭಾರ ಯಾವ ಕಡೆ ತಳ್ಳುತ್ತಿದೆ ಎಂಬುದು ಅವನಿಗೆ ಕಾಣುವುದಕ್ಕಿಂತ ಸೀಟಿನಲ್ಲಿ, ಸ್ಟಿಯರಿಂಗಿನಲ್ಲಿ, ಎಂಜಿನ್ನಿನ ಸದ್ದಿನಲ್ಲಿ ಗೊತ್ತಾಗಬೇಕು.

ಜೋಡಿಸುವಾಗ

ತೊಟ್ಟಿಯ ಮುಂಬಾಗಿಲನ್ನು ಏಪ್ರನ್ ಎಂದೂ, ಮಣ್ಣನ್ನು ಹಿಂದಿನಿಂದ ಮುಂದಕ್ಕೆ ತಳ್ಳುವ ಗೋಡೆಯನ್ನು ಇಜೆಕ್ಟರ್ ಎಂದೂ ಕರೆಯುತ್ತಾರೆ. ಸಣ್ಣ ಸ್ಕ್ರೇಪರುಗಳಲ್ಲಿ ಇವೆರಡೂ ಇರದೆ ತೊಟ್ಟಿಯೇ ಮುಂದಕ್ಕೆ ಮಗುಚುವುದುಂಟು. ಯಾವ ಬಗೆಯದಾದರೂ ಎಳೆತವು ಟ್ರ್ಯಾಕ್ಟರಿನ ಹಿಂದೆ ಕೆಳಗಿರುವ ಎಳೆಪಟ್ಟಿಯಿಂದ, ಅಂದರೆ ಡ್ರಾಬಾರಿನಿಂದಲೇ ಆಗಬೇಕು. ಡ್ರಾಬಾರ್ ಹಿಂದಿನ ಆಕ್ಸಲ್ಲಿಗಿಂತ ಕೆಳಗೆ ಇರುವುದರಿಂದ ಎಳೆತ ಹೆಚ್ಚಾದಾಗ ಚಕ್ರಗಳು ಜಾರುತ್ತವೆ, ಅಷ್ಟೇ. ಅದೇ ಎಳೆತ ಆಕ್ಸಲ್ಲಿನ ಮೇಲಿನಿಂದಲೋ ಉಪಕರಣದ ಮೇಲ್ತುದಿಯನ್ನು ಟ್ರ್ಯಾಕ್ಟರಿಗೆ ಕೂಡಿಸುವ ಟಾಪ್ ಲಿಂಕಿನ ಜಾಗದಿಂದಲೋ ಬಂದರೆ ಟ್ರ್ಯಾಕ್ಟರಿನ ಮೂತಿ ಎದ್ದು, ಚಾಲಕನು ಕ್ಲಚ್ ಮೆಟ್ಟುವಷ್ಟರಲ್ಲಿ ಅದು ಹಿಂದಕ್ಕೆ ಮಗುಚಿ ಬೀಳಬಹುದು. ಹೂತುಹೋದ ಸ್ಕ್ರೇಪರನ್ನು ಎಳೆಯಲು ಕೈಗೆ ಸಿಕ್ಕ ಎತ್ತರಕ್ಕೆ ಸರಪಳಿ ಕಟ್ಟುವವರು ಇದನ್ನು ಮರೆಯುತ್ತಾರೆ.

ಸ್ಕ್ರೇಪರ್ ತುಂಬಿದಾಗ ಡ್ರಾಬಾರಿನ ಮೇಲೆ ಭಾರ ಬಿದ್ದು ಮುಂದಿನ ಚಕ್ರಗಳು ಹಗುರಾಗುತ್ತವೆ. ಟ್ರ್ಯಾಕ್ಟರಿನ ತೂಕದಲ್ಲಿ ಕನಿಷ್ಠ ಐದನೇ ಒಂದು ಭಾಗವಾದರೂ ಮುಂದಿನ ಆಕ್ಸಲ್ಲಿನ ಮೇಲೆ ಉಳಿಯದಿದ್ದರೆ ಸ್ಟಿಯರಿಂಗ್ ತಿರುಗಿದರೂ ಯಂತ್ರ ತಿರುಗುವುದಿಲ್ಲವಾದ್ದರಿಂದ ಮುಂದೆ ಬೇಕಾದಷ್ಟು ತೂಕದ ಬಿಲ್ಲೆಗಳನ್ನು ಹಾಕಲೇಬೇಕು. ಸ್ಕ್ರೇಪರನ್ನು ಡ್ರಾಬಾರಿಗೆ ಕೂಡಿಸುವ ಹಿಚ್ ಪಿನ್ನು ತಯಾರಕರು ಹೇಳಿದ ಅಳತೆಯದೇ ಆಗಿರಲಿ, ಅದಕ್ಕೆ ಲಾಕ್ ಇರಲಿ, ಜೊತೆಗೆ ಭಾರಕ್ಕೆ ತಕ್ಕ ಸುರಕ್ಷಾ ಸರಪಳಿಯೂ ಇರಲಿ. ಪಿನ್ನಿನ ಬದಲು ಕಬ್ಬಿಣದ ಸರಳು ತೂರಿಸುವ ಅಭ್ಯಾಸವನ್ನು ಸೈಟಿನಲ್ಲಿ ಒಂದು ದಿನವೂ ಸಹಿಸಬಾರದು. ಹೈಡ್ರಾಲಿಕ್ ಪೈಪುಗಳಿಗೆ ಬೇರೆ ಬೇರೆ ಬಣ್ಣದ ಟೇಪು ಸುತ್ತಿಟ್ಟರೆ ಎತ್ತುವ ಲಿವರ್ ಒತ್ತಿದಾಗ ತೊಟ್ಟಿ ಇಳಿಯುವ ಎಡವಟ್ಟು ಆಗುವುದಿಲ್ಲ.

ಇನ್ನೊಂದು ವಿಷಯ ನಮ್ಮ ಟ್ರ್ಯಾಕ್ಟರುಗಳಿಗೇ ಸಂಬಂಧಿಸಿದ್ದು. ಹೊಲದಲ್ಲಿ ಚಿಕ್ಕ ತಿರುವು ತೆಗೆಯಲೆಂದು ಎಡ ಬಲ ಚಕ್ರಗಳಿಗೆ ಪ್ರತ್ಯೇಕ ಬ್ರೇಕ್ ಪೆಡಲ್ ಕೊಟ್ಟಿರುತ್ತಾರೆ. ಭಾರ ಎಳೆಯುವಾಗ ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಒಂದು ಪಕ್ಕಕ್ಕೆ ಸೆಳೆಯುತ್ತದೆ, ಹಿಂದಿನ ತೊಟ್ಟಿ ನೇರವಾಗಿ ನುಗ್ಗುತ್ತದೆ. ಆದ್ದರಿಂದ ಕೆಲಸ ಆರಂಭಿಸುವ ಮೊದಲು ಎರಡೂ ಪೆಡಲುಗಳನ್ನು ಕೂಡಿಸುವ ಕೊಂಡಿಯನ್ನು ಹಾಕಿರಬೇಕು.

ಬೆಳಗಿನ ಹತ್ತು ನಿಮಿಷ

ಟೈರುಗಳ ಗಾಳಿ, ಚಕ್ರದ ನಟ್ಟುಗಳು, ಎಂಜಿನ್ ಮತ್ತು ಹೈಡ್ರಾಲಿಕ್ ಎಣ್ಣೆ, ಗ್ರೀಸ್, ಹಾರ್ನು, ರಿವರ್ಸ್ ಸದ್ದು, ಕನ್ನಡಿ ಇವುಗಳನ್ನು ಯಂತ್ರದ ಸುತ್ತ ಒಂದು ಸುತ್ತು ನಡೆದು ನೋಡುವುದಕ್ಕೆ ಹೆಚ್ಚು ವಿವರಣೆ ಬೇಡ. ಎಡ ಬಲ ಟೈರುಗಳ ಗಾಳಿ ಸಮವಾಗಿರದಿದ್ದರೆ ಬ್ಲೇಡು ಓರೆಯಾಗಿ ಹೆರೆಯುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು. ಹೈಡ್ರಾಲಿಕ್ ಪೈಪು ಸೋರುತ್ತಿದೆಯೇ ಎಂದು ಬರಿಗೈಯಿಂದ ತಡವಿ ನೋಡಬಾರದು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗಬಲ್ಲದು. ಮೇಲೆ ಚಿಕ್ಕ ಚುಕ್ಕೆಯಷ್ಟೇ ಕಂಡರೂ ತಡಮಾಡದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕಾದ ಗಾಯವದು. ಒಂದು ರಟ್ಟಿನ ತುಂಡನ್ನು ಪೈಪಿನುದ್ದಕ್ಕೂ ಹಿಡಿದು ನೋಡಿದರೆ ಸಾಕು.

ಮಗುಚಿದಾಗ ಚಾಲಕನನ್ನು ಕಾಯುವ ಕಂಬ ಚೌಕಟ್ಟು ಮತ್ತು ಸೀಟ್ ಬೆಲ್ಟ್ ಎರಡೂ ಒಟ್ಟಿಗೆ ಇರಬೇಕು. ಚೌಕಟ್ಟಿದ್ದು ಬೆಲ್ಟ್ ಹಾಕದವನು ಸೀಟಿನಿಂದ ಎಸೆಯಲ್ಪಟ್ಟು ಅದೇ ಚೌಕಟ್ಟಿನ ಕೆಳಗೆ ಸಿಕ್ಕಿಬೀಳುವ ಅಪಾಯವಿದೆ. ಮಡ್‌ಗಾರ್ಡಿನ ಮೇಲೆ ಹೆಲ್ಪರನ್ನು ಕೂರಿಸಿಕೊಳ್ಳುವ ಪದ್ಧತಿ ಊರ ದಾರಿಯಲ್ಲೂ ತಪ್ಪು, ಸೈಟಿನಲ್ಲಂತೂ ಸುತರಾಂ ಸಲ್ಲದು.

ನೆಲಕ್ಕೆ ಇಳಿಯುವ ಮುನ್ನ

ಮೊದಲು ಮೇಲೆ ನೋಡಬೇಕು. ಲೇಸರ್ ಕಿರಣವನ್ನು ಹಿಡಿದು ಬ್ಲೇಡಿನ ಮಟ್ಟ ತಿಳಿಸುವ ರಿಸೀವರನ್ನು ಹೊತ್ತ ಸ್ಕ್ರೇಪರಿನ ಕಂಬ, ಅಂದರೆ ಮಾಸ್ಟ್, ಟ್ರ್ಯಾಕ್ಟರಿಗಿಂತ ಎತ್ತರವಾಗಿರುವುದರಿಂದ, ಟ್ರ್ಯಾಕ್ಟರ್ ಸಲೀಸಾಗಿ ದಾಟುವ ವಿದ್ಯುತ್ ತಂತಿಗೆ ಅದು ತಾಗಬಹುದು. ಸೈಟಿನ ಮೇಲೆ ತಂತಿ ಹಾದಿದ್ದರೆ ಆಯಾ ಭಾಗದ ವಿದ್ಯುತ್ ಸರಬರಾಜು ಕಂಪನಿಗೆ ತಿಳಿಸಿ, ಅವರು ಹೇಳಿದ ಅಂತರದಲ್ಲಿ ಗೂಟ ಹೊಡೆದು ಪಟ್ಟಿ ಕಟ್ಟಬೇಕು. ಆಮೇಲೆ ಕೆಳಗೆ. ಕುಡಿಯುವ ನೀರಿನ ಪೈಪು, ಆಪ್ಟಿಕಲ್ ಕೇಬಲ್, ಅನಿಲದ ಕೊಳವೆ ಇವೆಲ್ಲ ನೆಲದಡಿ ಇರುತ್ತವೆ. ದಾಭೋಳ್–ಬೆಂಗಳೂರು ಅನಿಲ ಕೊಳವೆಯಂಥವು ಹಾದುಹೋಗುವಲ್ಲಿ ಗುರುತಿನ ಕಲ್ಲುಗಳಿರುತ್ತವೆ, ಆದರೆ ಊರೊಳಗಿನ ಕೇಬಲುಗಳಿಗೆ ಅಂಥ ಗುರುತು ಇರುವುದು ಅಪರೂಪ. ಅಗೆಯುವವರು ಕೊಳವೆ ಮತ್ತು ಕೇಬಲುಗಳ ಮಾಲೀಕರಿಗೆ ಮುಂಚಿತವಾಗಿ ತಿಳಿಸಲೆಂದೇ ಕೇಂದ್ರ ಸರ್ಕಾರ 2023ರಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ತಂದಿದೆ. ಸ್ಕ್ರೇಪರ್ ಅಗೆಯುವುದಿಲ್ಲ, ಹೆರೆಯುತ್ತದೆ ಅಷ್ಟೇ ಎಂಬ ವಾದ ಕೇಳಿದ್ದೇನೆ. ಹತ್ತು ಸಲ ಹೆರೆದರೆ ಅದೂ ಒಂದು ಗುಂಡಿಯೇ.

ನಂತರ ಮಟ್ಟದ ಲೆಕ್ಕ. ಇಡೀ ಜಾಗಕ್ಕೆ 10 ಮೀಟರ್ ಚೌಕಗಳ ಜಾಲ ಹಾಕಿ, ಪ್ರತಿ ಮೂಲೆಯ ಎತ್ತರವನ್ನು ಲೆವೆಲ್ (ಮಟ್ಟ ನೋಡುವ ದುರ್ಬೀನು) ಮತ್ತು ಸ್ಟಾಫ್ (ಅಳತೆಯ ಕೋಲು) ಬಳಸಿ ಬರೆದುಕೊಂಡು, ಎಲ್ಲಿ ತೆಗೆಯಬೇಕು ಎಲ್ಲಿ ತುಂಬಬೇಕು ಎಂಬ ನಕ್ಷೆಯನ್ನು ಚಾಲಕನ ಕೈಗೇ ಕೊಡಬೇಕು. ಒಂದು ಉದಾಹರಣೆ ತೆಗೆದುಕೊಳ್ಳೋಣ. 100 ಮೀಟರ್ ಉದ್ದ, 60 ಮೀಟರ್ ಅಗಲದ ನಿವೇಶನದಲ್ಲಿ ಅರ್ಧ ಭಾಗ ದಿನ್ನೆಯಾಗಿದ್ದು ಅಲ್ಲಿ ಸರಾಸರಿ 25 ಸೆಂಟಿಮೀಟರ್ ತೆಗೆಯಬೇಕಿದ್ದರೆ, ನೆಲದಲ್ಲಿ ಇರುವಂತೆ ಅದು 750 ಘನ ಮೀಟರ್. ಕೆದಕಿದ ಕೂಡಲೇ ಮಣ್ಣು ಉಬ್ಬುತ್ತದೆ. ಸಾಧಾರಣ ಮಣ್ಣಿಗೆ ಶೇ. 25ರಷ್ಟು ಎಂದಿಟ್ಟುಕೊಂಡರೆ ಸಾಗಿಸಬೇಕಾದದ್ದು ಸುಮಾರು 940 ಘನ ಮೀಟರ್, ಅಂದರೆ 6 ಘನ ಮೀಟರ್ ಹಿಡಿಯುವ ತೊಟ್ಟಿಗೆ 156ರಿಂದ 157 ಟ್ರಿಪ್ಪು. ಆದರೆ ರೋಲರ್ ಓಡಿದ ಮೇಲೆ ಅದೇ ಮಣ್ಣು ಮೊದಲಿದ್ದ ಗಾತ್ರಕ್ಕಿಂತಲೂ ಕುಗ್ಗುತ್ತದೆ. ಶೇ. 10 ಕುಗ್ಗಿದರೆ ತಗ್ಗಿನ ಭಾಗದಲ್ಲಿ ಉಳಿಯುವುದು 675 ಘನ ಮೀಟರ್ ಮಾತ್ರ. ತೆಗೆದಷ್ಟೇ ತುಂಬುತ್ತದೆ ಎಂದು ನಂಬಿ ಮಟ್ಟ ನಿಗದಿ ಮಾಡಿದವರು ಕೊನೆಯಲ್ಲಿ ಹೊರಗಿನಿಂದ ಮಣ್ಣು ತರಿಸುವುದು ಈ 75 ಘನ ಮೀಟರಿಗಾಗಿಯೇ. ಉಬ್ಬುವ, ಕುಗ್ಗುವ ಪ್ರಮಾಣ ಮಣ್ಣಿನಿಂದ ಮಣ್ಣಿಗೆ ಬೇರೆಯಾದ್ದರಿಂದ ಮೊದಲ ದಿನದ ಕೆಲಸವನ್ನೇ ಅಳೆದು ಲೆಕ್ಕ ತಿದ್ದಿಕೊಳ್ಳುವುದು ಉತ್ತಮ.

ಮೇಲ್ಮಣ್ಣು ಮತ್ತು ಬೇರುಗಳನ್ನು ಮೊದಲೇ ಹೆರೆದು ಬೇರೆ ರಾಶಿ ಹಾಕಬೇಕು. ಎರೆ ಮಣ್ಣಿನ ಸೀಮೆಯಲ್ಲಿ ಇನ್ನೂ ಒಂದು ಎಚ್ಚರ ಬೇಕು. ನೀರಿಗೆ ಉಬ್ಬಿ ಬಿಸಿಲಿಗೆ ಬಿರಿಯುವ ಆ ಮಣ್ಣಿನ ಮುಕ್ತ ಉಬ್ಬುವಿಕೆಯ ಸೂಚ್ಯಂಕ (ಒಣ ಮಣ್ಣು ನೀರಿನಲ್ಲಿ ಎಷ್ಟು ಉಬ್ಬುತ್ತದೆಂಬ ಪ್ರಯೋಗಾಲಯದ ಅಳತೆ) ಶೇ. 50 ಮೀರಿದರೆ ಕೇಂದ್ರ ರಸ್ತೆ ಸಚಿವಾಲಯದ ನಿರ್ದಿಷ್ಟತೆಗಳ ಪ್ರಕಾರ ಅದನ್ನು ತುಂಬುಮಣ್ಣಾಗಿ ಬಳಸುವಂತಿಲ್ಲ. ಮಟ್ಟ ಎಷ್ಟೇ ಚೆನ್ನಾಗಿ ಬಂದಿದ್ದರೂ ಒಂದು ಮಳೆಗಾಲದಲ್ಲಿ ಅದು ಎದ್ದು ಕೂರುತ್ತದೆ.

ಲೇಸರ್ ಇಡುವ ಬಗೆ

ತಿರುಗುವ ಲೇಸರ್ ಟ್ರಾನ್ಸ್‌ಮಿಟರನ್ನು ಯಂತ್ರಗಳ ಓಡಾಟವಿಲ್ಲದ ಗಟ್ಟಿ ನೆಲದಲ್ಲಿ, ಕಿರಣವು ಟ್ರ್ಯಾಕ್ಟರಿನ ಚಾವಣಿಗಿಂತ ಮೇಲೆ ಹಾಯುವಂತೆ ನಿಲ್ಲಿಸಬೇಕು. ಸ್ಕ್ರೇಪರಿನ ಮಾಸ್ಟ್ ಬ್ಲೇಡಿನ ನೇರ ಮೇಲಿದ್ದರೆ ಒಳ್ಳೆಯದು. ಹಿಂದೆ ಮುಂದೆ ಇದ್ದಷ್ಟೂ ಚಕ್ರ ಏರಿಳಿದಾಗ ಬ್ಲೇಡಿನ ಎತ್ತರ ಒಂದು, ರಿಸೀವರ್ ಹೇಳುವುದು ಇನ್ನೊಂದು ಆಗುತ್ತದೆ. ಬೇಕಾದ ಮಟ್ಟವಿರುವ ಒಂದು ಬಿಂದುವಿನ ಮೇಲೆ ಬ್ಲೇಡನ್ನು ಇಳಿಸಿ, ನಡುವಣ ದೀಪ ಹತ್ತುವವರೆಗೆ ರಿಸೀವರನ್ನು ಸರಿಸಿ ಬಿಗಿ ಮಾಡಬೇಕು.

ಟ್ರಾನ್ಸ್‌ಮಿಟರಿನ ಅಕ್ಷ 10 ಆರ್ಕ್ ಸೆಕೆಂಡಿನಷ್ಟು (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಒಂದು ಆರ್ಕ್ ಸೆಕೆಂಡ್) ಮಾತ್ರ ಓರೆಯಾಗಿದ್ದರೂ 100 ಮೀಟರ್ ದೂರದಲ್ಲಿ ಸುಮಾರು 5 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಗಾಳಿಗೆ ತ್ರಿಪಾದಿ ನಡುಗುವುದು, ಮಧ್ಯಾಹ್ನದ ಝಳದಲ್ಲಿ ಕಿರಣ ಕುಣಿಯುವುದು ಇದಕ್ಕೆ ಸೇರುತ್ತವೆ. ಹೀಗಾಗಿ ಕೊನೆಯ ಪದರದ ಕೆಲಸವನ್ನು ಬೆಳಿಗ್ಗೆಯೋ ಇಳಿಹೊತ್ತಿನಲ್ಲೋ ಇಟ್ಟುಕೊಳ್ಳುವುದು ಜಾಣತನ. ಎಲ್ಲ ಅಳತೆಗೂ ಆಧಾರವಾದ ಗೊತ್ತಾದ ಎತ್ತರದ ಗುರುತನ್ನು, ಅಂದರೆ ಬೆಂಚ್ ಮಾರ್ಕನ್ನು ದಿನಕ್ಕೆ ಎರಡು ಬಾರಿಯಾದರೂ ಪರೀಕ್ಷಿಸಬೇಕು, ಮತ್ತು ಕನಿಷ್ಠ ಎರಡು ಬೆಂಚ್ ಮಾರ್ಕುಗಳಿರಬೇಕು. ನಾನು ಕಂಡ ಒಂದು ಸೈಟಿನಲ್ಲಿ ನೀರಿನ ಟ್ಯಾಂಕರ್ ರಾತ್ರಿ ಬೆಂಚ್ ಮಾರ್ಕಿನ ಕಲ್ಲಿಗೆ ತಾಗಿಸಿ ಹೋಗಿತ್ತು. ಕಲ್ಲು ನೆಟ್ಟಗೇ ನಿಂತಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಒಂದು ಮೂಲೆ ಆರು ಸೆಂಟಿಮೀಟರ್ ಹೆಚ್ಚಿಗೆ ಹೆರೆದುಹೋಗಿತ್ತು.

ದಪ್ಪ ಕೆಲಸ ನಡೆಯುವಾಗ ಲೇಸರ್ ನೋಡಿ ಬ್ಲೇಡನ್ನು ತಾನೇ ಏರಿಸಿ ಇಳಿಸುವ ಸ್ವಯಂಚಾಲಿತ ನಿಯಂತ್ರಣವನ್ನು (ಆಟೊ) ಬಿಟ್ಟು ಕೈಯಿಂದಲೇ ಓಡಿಸಬೇಕು. ಇಪ್ಪತ್ತು ಸೆಂಟಿಮೀಟರ್ ದಿನ್ನೆ ಬಾಕಿ ಇರುವಾಗ ಆಟೊ ಒತ್ತಿದರೆ ಬ್ಲೇಡು ಒಮ್ಮೆಗೇ ಅಷ್ಟೂ ಆಳಕ್ಕೆ ಇಳಿಯಲು ಹೊರಟು ಟ್ರ್ಯಾಕ್ಟರನ್ನು ನಿಲ್ಲಿಸಿಬಿಡುತ್ತದೆ.

ತುಂಬಿಕೊಳ್ಳುವುದು

ಸಾಧ್ಯವಿದ್ದಲ್ಲೆಲ್ಲ ಇಳಿಜಾರಿನ ಕಡೆಗೆ ಮುಖ ಮಾಡಿ ತುಂಬಬೇಕು. ಪ್ರತಿ ಶೇ. 1 ಇಳಿಜಾರು ಒಂದು ಟನ್ ತೂಕಕ್ಕೆ ಸುಮಾರು 10 ಕಿಲೋಗ್ರಾಂ ಎಳೆತವನ್ನು ಪುಕ್ಕಟೆ ಕೊಡುತ್ತದೆ. ಟ್ರ್ಯಾಕ್ಟರ್ ಮತ್ತು ಸ್ಕ್ರೇಪರ್ ಒಂದೇ ಗೆರೆಯಲ್ಲಿ ನಿಂತ ಮೇಲೆ, ಕಡಿಮೆ ಗೇರಿನಲ್ಲಿ ಹೊರಟು, ಏಪ್ರನ್ನನ್ನು ಮಣ್ಣು ನುಗ್ಗುವಷ್ಟು ತೆರೆದು, ಬ್ಲೇಡನ್ನು ನಿಧಾನವಾಗಿ ಇಳಿಸಬೇಕು. ಬ್ಲೇಡು ನೆಲದೊಳಗಿರುವಾಗ ತಿರುಗಿಸಬಾರದು. ಹಿಚ್ಚಿಗೂ ಚಕ್ರದ ಬೇರಿಂಗುಗಳಿಗೂ ಪಕ್ಕದ ಒತ್ತಡ ಬೀಳುವುದಲ್ಲದೆ, ಓರೆಯಾಗಿ ಹೆರೆದ ನೆಲ ಉಳಿಯುತ್ತದೆ.

ಆಳ ಎಷ್ಟಿರಬೇಕೆಂಬುದನ್ನು ಎಂಜಿನ್ನಿನ ಸದ್ದು ಹೇಳುತ್ತದೆ. ಚಕ್ರಗಳು ಜಾರಿ ಗುದ್ದು ತೋಡತೊಡಗಿದರೆ ಆಳ ಹೆಚ್ಚಾಯಿತೆಂದೇ ಅರ್ಥ, ಬ್ಲೇಡನ್ನು ಎರಡು ಬೆರಳಿನಷ್ಟು ಎತ್ತಬೇಕು. ಸಮನಾದ ತೆಳು ಸುಳಿ ಒಂದೇ ಸಮ ತೊಟ್ಟಿಗೆ ಏರುತ್ತಿದ್ದರೆ ಅದು ಸರಿಯಾದ ಹೆರೆತ. ಬ್ಲೇಡನ್ನು ಏರಿಸಿ ಇಳಿಸಿ ಆಡಿಸಿದರೆ ನೆಲದಲ್ಲಿ ಅಲೆ ಮೂಡುತ್ತದೆ, ಮುಂದಿನ ಸಲ ಚಕ್ರಗಳು ಆ ಅಲೆಯ ಮೇಲೆ ಹತ್ತಿಳಿದು ಇನ್ನೂ ದೊಡ್ಡ ಅಲೆ ಹುಟ್ಟಿಸುತ್ತವೆ.

ಪಕ್ಕಪಕ್ಕದ ಪಟ್ಟಿಗಳನ್ನು ಒತ್ತೊತ್ತಾಗಿ ಹೆರೆಯುವ ಬದಲು, ಎರಡು ಪಟ್ಟಿಗಳ ನಡುವೆ ಬ್ಲೇಡಿನ ಅರ್ಧದಷ್ಟು ಅಗಲದ ಏಣು ಬಿಟ್ಟು, ಮೂರನೆಯ ಸಲ ಆ ಏಣನ್ನು ಚಕ್ರಗಳ ನಡುವೆ ಇಟ್ಟುಕೊಂಡು ಹೆರೆದರೆ ಕಡಿಮೆ ಎಳೆತದಲ್ಲಿ ತೊಟ್ಟಿ ತುಂಬುತ್ತದೆ. ಹಳೆಯ ಆಪರೇಟರುಗಳಿಗೆ ಇದು ಕೈಗೆ ಹತ್ತಿದ ವಿದ್ಯೆ, ಹೊಸಬರಿಗೆ ಯಾರೂ ಹೇಳಿಕೊಡುವುದಿಲ್ಲ.

ತೊಟ್ಟಿ ತುಂಬುತ್ತ ಬಂದಂತೆ ಹೊಸ ಮಣ್ಣು ಒಳಗಿನ ಮಣ್ಣನ್ನು ತಳ್ಳಿಕೊಂಡು ಏರಬೇಕಾಗುತ್ತದೆ. ಕೊನೆಯ ಹತ್ತು ಬುಟ್ಟಿಗೆ ಹೋಗುವ ಡೀಸೆಲ್ಲು ಮೊದಲ ನೂರು ಬುಟ್ಟಿಗೆ ಹೋಗಿರುವುದಿಲ್ಲ ಎಂದರೆ ಸ್ವಲ್ಪ ಉತ್ಪ್ರೇಕ್ಷೆಯಾದೀತು, ಆದರೆ ಮಾತಿನ ದಿಕ್ಕು ಸರಿಯಾಗಿದೆ. ಮಣ್ಣು ಏರುವ ವೇಗ ಕುಸಿದ ಕೂಡಲೇ ಏಪ್ರನ್ ಮುಚ್ಚಿ ಬ್ಲೇಡನ್ನು ಮೆಲ್ಲನೆ ಎತ್ತಿ ಹೊರಡಬೇಕು. ಗಕ್ಕನೆ ಎತ್ತಿದರೆ ಬ್ಲೇಡಿನ ಮುಂದೆ ಗುಡ್ಡೆ ಉಳಿಯುತ್ತದೆ.

ಭಾರ ಹೊತ್ತು ಸಾಗುವುದು

ಇಲ್ಲಿ ಕೆಲವು ಅಂಕಿಗಳು ಬೇಕು. 8 ಟನ್ನಿನ ಟ್ರ್ಯಾಕ್ಟರ್, 4 ಟನ್ನಿನ ಸ್ಕ್ರೇಪರ್, ಅದರಲ್ಲಿ 6 ಘನ ಮೀಟರ್ ಸಡಿಲ ಮಣ್ಣು ಎಂದರೆ ಇನ್ನೊಂದು 8.4 ಟನ್, ಒಟ್ಟು 20 ಟನ್ನಿಗೂ ಹೆಚ್ಚು. ಗಟ್ಟಿ ದಾರಿಯಲ್ಲಿ ಚಕ್ರ ಉರುಳಲು ಟನ್ನಿಗೆ ಸುಮಾರು 20 ಕಿಲೋಗ್ರಾಂ ಎಳೆತ ಸಾಕು. ಟೈರು ಹೂತ ಪ್ರತಿ ಸೆಂಟಿಮೀಟರಿಗೆ ಟನ್ನಿಗೆ 6 ಕಿಲೋಗ್ರಾಂ ಸೇರುತ್ತದೆ ಎಂಬುದು ಮಣ್ಣುಕೆಲಸದ ಎಂಜಿನಿಯರುಗಳು ಬಳಸುವ ಸ್ಥೂಲ ಲೆಕ್ಕ. ಹತ್ತು ಸೆಂಟಿಮೀಟರ್ ಹೂತರೆ ಟನ್ನಿಗೆ 80 ಕಿಲೋಗ್ರಾಂ ಆಯಿತು, ಅಂದರೆ ಗಟ್ಟಿ ಸಮತಟ್ಟು ದಾರಿಗಿಂತ ಶೇ. 6 ಏರು ಹೆಚ್ಚಿಗೆ ಹತ್ತಿದ ಹಾಗೆ. ದಾರಿಯ ಗಾಲಿಜಾಡನ್ನು ಮುಚ್ಚದೆ ಬಿಟ್ಟ ಮೇಸ್ತ್ರಿ, ಸಮತಟ್ಟು ಸೈಟಿನಲ್ಲಿ ಇಲ್ಲದ ಗುಡ್ಡವೊಂದನ್ನು ತಾನೇ ಕಟ್ಟಿಕೊಂಡಂತಾಗುತ್ತದೆ. ಬರಿ ತೊಟ್ಟಿಯೊಂದಿಗೆ ಹಿಂತಿರುಗುವಾಗ ಬ್ಲೇಡನ್ನು ನೆಲಕ್ಕೆ ಸೋಕಿಸಿ ದಾರಿಯನ್ನು ಹೆರೆಯುತ್ತ ಬಂದರೆ ಬೇರೆ ಗ್ರೇಡರ್ ಬೇಕಾಗುವುದಿಲ್ಲ. ನೀರು ಚಿಮುಕಿಸಿ ಧೂಳು ಅಡಗಿಸಬೇಕು, ಆದರೆ ಎರೆ ಮಣ್ಣಿನ ದಾರಿಗೆ ನೀರು ಹೆಚ್ಚಾದರೆ ಅದು ಸಾಬೂನಿನ ಹಾಗೆ ಜಾರುತ್ತದೆ.

ತುಂಬಿದ ತೊಟ್ಟಿಯನ್ನು ನೆಲಕ್ಕೆ ತಾಗದಷ್ಟು ಮಾತ್ರ ಎತ್ತಿ ಸಾಗಬೇಕು. ಭಾರ ಕೆಳಗಿದ್ದಷ್ಟೂ ತಿರುವಿನಲ್ಲಿ ಮಗುಚುವ ಭಯ ಕಡಿಮೆ, ಅದಕ್ಕಿಂತ ಮುಖ್ಯವಾಗಿ ಬ್ರೇಕ್ ಕೈಕೊಟ್ಟಾಗ ತೊಟ್ಟಿಯನ್ನು ನೆಲಕ್ಕೆ ಒತ್ತಿ ನಿಲ್ಲಿಸಲು ಕ್ಷಣ ಸಾಕಾಗುತ್ತದೆ. ಅದು ತುರ್ತಿನ ಉಪಾಯವೇ ಹೊರತು ದಿನನಿತ್ಯದ ಬ್ರೇಕ್ ಅಲ್ಲ.

ಅನೇಕ ಸ್ಕ್ರೇಪರುಗಳಿಗೆ ಸ್ವಂತ ಬ್ರೇಕ್ ಇರುವುದಿಲ್ಲ. ಇಳಿಜಾರಿನಲ್ಲಿ ಚಾಲಕನು ಟ್ರ್ಯಾಕ್ಟರಿನ ಬ್ರೇಕ್ ಜೋರಾಗಿ ಒತ್ತಿದರೆ 12 ಟನ್ ಭಾರ ಹಿಂದಿನಿಂದ ನೂಕಿ, ಟ್ರ್ಯಾಕ್ಟರ್ ಅಡ್ಡ ತಿರುಗಿ, ಎರಡೂ ಮಡಿಸಿದ ಚಾಕುವಿನಂತೆ ಕೂಡಿಕೊಳ್ಳುತ್ತವೆ. ಇದಕ್ಕೆ ಪರಿಹಾರ ಬ್ರೇಕಿನಲ್ಲಿ ಇಲ್ಲ, ಇಳಿಜಾರು ಆರಂಭವಾಗುವ ಮೊದಲೇ ಹಾಕಿದ ಗೇರಿನಲ್ಲಿ ಇದೆ. ಹತ್ತುವಾಗ ಯಾವ ಗೇರು ಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ, ಅಥವಾ ಅದಕ್ಕಿಂತ ಕೆಳಗಿನದರಲ್ಲಿ ಇಳಿಯಬೇಕು, ನಡುವೆ ಕ್ಲಚ್ ಮೆಟ್ಟಬಾರದು. ಡೀಸೆಲ್ ಉಳಿಸಲೆಂದು ನ್ಯೂಟ್ರಲಿನಲ್ಲಿ ಬಿಡುವವರನ್ನು ಯಂತ್ರದಿಂದ ಇಳಿಸಿಬಿಡುವುದೇ ಸರಿ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಒಂದೂವರೆ ಸೆಕೆಂಡ್ ತಡವಾದರೆ ಬ್ರೇಕ್ ಹಿಡಿಯುವ ಮೊದಲೇ ಎಂಟು ಮೀಟರ್ ದಾಟಿರುತ್ತದೆ, ಮತ್ತು 10 ಕಿಲೋಮೀಟರ್ ವೇಗಕ್ಕೆ ಹೋಲಿಸಿದರೆ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗಿರುತ್ತದೆ. ಇಳಿಜಾರಿಗೆ ಅಡ್ಡಲಾಗಿ ಸಾಗುವುದನ್ನು ತಪ್ಪಿಸಿ, ನೇರವಾಗಿ ಹತ್ತಿ ನೇರವಾಗಿ ಇಳಿಯುವ ದಾರಿ ಮಾಡಿಕೊಳ್ಳಬೇಕು.

ಸಂಚಾರ ಏಕಮುಖವಾಗಿರಲಿ, ಸುತ್ತು ದಾರಿಯಾದರೂ ಚಿಂತೆಯಿಲ್ಲ. ಎದುರುಬದುರಾಗಲೇಬೇಕಾದಲ್ಲಿ ತುಂಬಿದ ಯಂತ್ರಕ್ಕೆ ದಾರಿ, ಬರಿದಾದದ್ದು ಪಕ್ಕಕ್ಕೆ. ಕೈಸನ್ನೆ ಕೊಡುವವನು ಒಬ್ಬನೇ ಇರಬೇಕು, ಅವನು ಕಣ್ಣಿಗೆ ಕಾಣದ ಕ್ಷಣ ಯಂತ್ರ ನಿಲ್ಲಬೇಕು. ಗೂಟ ನೋಡಲು ಬರುವ ಸರ್ವೆಯವರು, ಊಟದ ಡಬ್ಬಿ ತರುವವರು, ಸೈಟಿನಲ್ಲೇ ವಾಸವಿರುವ ಕಾರ್ಮಿಕರ ಮಕ್ಕಳು ಇವರೆಲ್ಲರ ಓಡಾಟಕ್ಕೆ ಬೇರೆ ದಾರಿ ಗುರುತಿಸದೆ ಕೆಲಸ ಆರಂಭಿಸಬಾರದು.

ಸುರಿದು ಹರಡುವುದು

ತುಂಬುವ ಜಾಗಕ್ಕೆ ನೇರವಾಗಿ ಬಂದು, ಬೇಕಾದ ಪದರದ ದಪ್ಪಕ್ಕೆ ಬ್ಲೇಡನ್ನು ಎತ್ತರಿಸಿ, ಮೊದಲು ಏಪ್ರನ್ ತೆರೆದು ಆಮೇಲೆ ಇಜೆಕ್ಟರನ್ನು ಹಂತಹಂತವಾಗಿ ಮುಂದಕ್ಕೆ ತರಬೇಕು. ಯಂತ್ರ ನಿಲ್ಲಬಾರದು. ರಸ್ತೆ ಏರಿಗಳಿಗೆ ಒತ್ತಿದ ಮೇಲಿನ ಪದರ 200 ಮಿಲಿಮೀಟರ್ ಮೀರಬಾರದೆಂಬುದು ರೂಢಿಯ ನಿಯಮ, ಅದಕ್ಕೆ ಸಡಿಲವಾಗಿ 250 ಮಿಲಿಮೀಟರ್ ಹಾಕುತ್ತಾರೆ. ಬ್ಲೇಡು 2.5 ಮೀಟರ್ ಅಗಲವಿದ್ದರೆ 6 ಘನ ಮೀಟರ್ ಮಣ್ಣು ಆ ದಪ್ಪಕ್ಕೆ ಸುಮಾರು 9.6 ಮೀಟರ್ ಉದ್ದ ಹರಡಬೇಕು. ಹೆಜ್ಜೆ ಹಾಕಿ ಅಳೆದರೆ ಐದೇ ಮೀಟರಿಗೆ ಮುಗಿದಿದೆ ಎಂದಾದರೆ ಪದರ ದುಪ್ಪಟ್ಟಾಗಿದೆ ಎಂದರ್ಥ. ರೋಲರ್ ಎಷ್ಟು ಸಲ ಓಡಿದರೂ ಅದರ ತಳ ಗಟ್ಟಿಯಾಗುವುದಿಲ್ಲ.

ಏರಿಯ ಅಂಚುಗಳನ್ನು ನಡುವಿಗಿಂತ ತುಸು ಎತ್ತರವಾಗಿಟ್ಟುಕೊಂಡು ತುಂಬುತ್ತ ಹೋದರೆ ಯಂತ್ರ ಒಳಮುಖವಾಗಿ ವಾಲಿರುತ್ತದೆ, ಅಂಚು ಕುಸಿದರೂ ಹೊರಗೆ ಉರುಳುವುದಿಲ್ಲ. ಮಳೆಯ ಮುನ್ಸೂಚನೆ ಇದ್ದ ಸಂಜೆ ಮಾತ್ರ ನಡುವನ್ನು ಎತ್ತರಿಸಿ ನೀರು ಹರಿಯುವಂತೆ ಮಾಡಿ ಹೊರಡಬೇಕು. ಹರಡಿದ ಮಣ್ಣಿನ ತೇವವು ಪ್ರಯೋಗಾಲಯ ಹೇಳಿದ, ಮಣ್ಣು ಅತಿ ಗಟ್ಟಿಯಾಗಿ ಕೂರುವ ಸೂಕ್ತ ತೇವಾಂಶಕ್ಕಿಂತ ಶೇ. 2 ಕಡಿಮೆಯಿಂದ ಶೇ. 1 ಹೆಚ್ಚಿನವರೆಗೆ ಇರಬೇಕು, ಪ್ರಯೋಗಾಲಯದಲ್ಲಿ ಒತ್ತಿದಾಗ ಸಿಗುವ ಗರಿಷ್ಠ ಒಣ ಸಾಂದ್ರತೆಯ ಶೇ. 95 ಏರಿಗೆ, ಶೇ. 97 ರಸ್ತೆಯ ಪದರಗಳಿಗೆ ಆಧಾರವಾಗುವ ಅದರ ಮೇಲಿನ ಸಬ್‌ಗ್ರೇಡಿಗೆ ಬರಬೇಕು. ತೊಟ್ಟಿಗೆ ಅಂಟಿದ ಹಸಿ ಎರೆ ಮಣ್ಣನ್ನು ಬಿಡಿಸಲು ಯಾರೂ ಒಳಗೆ ಇಳಿಯಬಾರದು. ಎಂಜಿನ್ ನಿಲ್ಲಿಸಿ, ಉದ್ದ ಹಿಡಿಯ ಸಲಿಕೆಯಿಂದ ಹೊರಗಿನಿಂದಲೇ ಕೆರೆಯಬೇಕು.

ಕೊನೆಯ ಪದರ

ಬೇಕಾದ ಮಟ್ಟಕ್ಕೆ ಐದು ಸೆಂಟಿಮೀಟರ್ ಉಳಿದಾಗ ದಪ್ಪ ಕೆಲಸ ನಿಲ್ಲಿಸಿ ಲೇಸರನ್ನು ಆಟೊಗೆ ಹಾಕಬೇಕು. ತೊಟ್ಟಿಯಲ್ಲಿ ಅರ್ಧದಷ್ಟು ಮಣ್ಣು ಇಟ್ಟುಕೊಂಡು ಓಡಿಸಿದರೆ ದಿನ್ನೆಯಲ್ಲಿ ಹೆರೆದದ್ದು ತಗ್ಗಿನಲ್ಲಿ ತಾನಾಗಿ ಇಳಿಯುತ್ತದೆ, ಭಾರವಿರುವುದರಿಂದ ಬ್ಲೇಡು ಕುಣಿಯುವುದೂ ಇಲ್ಲ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಕೊನೆಗೆ ಕರ್ಣರೇಖೆಯಲ್ಲಿ ಓಡಿಸಬೇಕು. ರಸ್ತೆಯ ಸಬ್‌ಗ್ರೇಡಿಗೆ 20 ಮಿಲಿಮೀಟರ್ ಮೇಲೆ, 25 ಮಿಲಿಮೀಟರ್ ಕೆಳಗೆ ಎಂಬಷ್ಟು ವ್ಯತ್ಯಾಸಕ್ಕೆ ಅವಕಾಶವಿದೆ. ಲೇಸರಿನ ಹಸಿರು ದೀಪವನ್ನೇ ನಂಬಿ ಕೂರದೆ, ಅದೇ ಜಾಲದ ಮೂಲೆಗಳಲ್ಲಿ ಮತ್ತೆ ಸ್ಟಾಫ್ ಹಿಡಿದು ಬರೆದುಕೊಳ್ಳಬೇಕು. ಯಂತ್ರ ತನ್ನ ತಪ್ಪನ್ನು ತಾನೇ ಅಳೆಯಲಾರದು.

ನಿಲ್ಲಿಸುವಾಗ, ರಿಪೇರಿಯಲ್ಲಿ

ಸಂಜೆ ಸಮತಟ್ಟಾದ ಜಾಗದಲ್ಲಿ ತೊಟ್ಟಿಯನ್ನು ನೆಲಕ್ಕೆ ಪೂರ್ತಿ ಇಳಿಸಿ, ಎಂಜಿನ್ ನಿಲ್ಲಿಸಿ, ಲಿವರುಗಳನ್ನು ಹಿಂದೆ ಮುಂದೆ ಆಡಿಸಿ ಪೈಪಿನ ಒತ್ತಡ ತೆಗೆದು, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಬೇಕು. ಎತ್ತಿ ನಿಲ್ಲಿಸಿದ ತೊಟ್ಟಿಯ ಕೆಳಗೆ ಕೈ ಹಾಕುವ ಮುನ್ನ ಉಕ್ಕಿನ ಆಧಾರ ಅಥವಾ ಗಟ್ಟಿ ಮರದ ದಿಮ್ಮಿ ಕೊಟ್ಟಿರಲೇಬೇಕು, ಏಕೆಂದರೆ ಅದನ್ನು ಮೇಲೆ ಹಿಡಿದಿರುವುದು ಒಂದು ರಬ್ಬರ್ ಪೈಪು ಮತ್ತು ಒಂದು ಸೀಲು ಮಾತ್ರ. ಇಟ್ಟಿಗೆ, ಸಿಮೆಂಟ್ ಬ್ಲಾಕು ಆಧಾರವಾಗಲಾರವು, ಒಮ್ಮೆಗೇ ಪುಡಿಯಾಗುತ್ತವೆ.

ಸವೆದ ಬ್ಲೇಡನ್ನು ಅದನ್ನು ಹಿಡಿದಿರುವ ತೊಟ್ಟಿಯ ತುಟಿ ಸವೆಯುವ ಮೊದಲೇ ತಿರುಗಿಸಿ ಹಾಕಬೇಕು. ಹಾಗೆ ತಿರುಗಿಸಿದಾಗ ಹೊಸ ಅಂಚು ಹಳೆಯದಕ್ಕಿಂತ ಒಂದೆರಡು ಸೆಂಟಿಮೀಟರ್ ಕೆಳಗೆ ಬರುತ್ತದೆ, ಮಾಸ್ಟಿನ ಮೇಲಿನ ರಿಸೀವರ್ ಮಾತ್ರ ಇದ್ದಲ್ಲೇ ಇರುತ್ತದೆ. ಮರುದಿನ ಬೆಳಿಗ್ಗೆ ಬೆಂಚ್ ಮಾರ್ಕಿಗೆ ಬ್ಲೇಡು ತಾಗಿಸಿ ರಿಸೀವರನ್ನು ಅಷ್ಟು ಸರಿಸದಿದ್ದರೆ, ಇಡೀ ಸೈಟು ಆ ಒಂದೆರಡು ಸೆಂಟಿಮೀಟರ್ ಕೆಳಗೆ ಹೋಗಿರುತ್ತದೆ.